ಕುರಿಯ ಕೆಚ್ಚಲು, ಸೊಸೆಯ ಎದೆ

ನನ್ನ ಎಡ ಎದೆಯಲ್ಲಿ ಕೀವು ಕಟ್ಟಿ, ಮುಟ್ಟಿದರೆ ಜೀವ ಹೋಗುವಂತಾಗಿತ್ತು. ಹೆತ್ತು ಇನ್ನೂ ಎರಡು ತಿಂಗಳಾಗಿರಲಿಲ್ಲ. ಮಗಳು ಹಾಲಿಗೆ ಅಳುತ್ತಿದ್ದಳು, ನಾನು ನೋವಿಗೆ. ಅತ್ತೆ ಬಂಡಮ್ಮ ಮಾತ್ರ ಬೀರಪ್ಪನ ಭಂಡಾರವನ್ನು ಎಣ್ಣೆಯಲ್ಲಿ ಕಲಸಿ ಬಾವಿನ ಮೇಲೆ ದಪ್ಪಗೆ ಮೆತ್ತುತ್ತಿದ್ದಳು. ಭಂಡಾರವೆಂದರೆ ದೇವರ ಅರಿಸಿನ. ನಮ್ಮ ಮನೆಯಲ್ಲಿ ಎಲ್ಲ ಬೇನೆಗೂ ಅದೇ.

"ಡಾಕ್ಟರ್ ಬ್ಯಾಡ. ಕೊಯ್ಸಿದ್ರ ಹಾಲು ಬತ್ತಿ ಹೋಗ್ತದ. ಕೂಸಿಗಿ ಏನ್ ಕುಡಸ್ತಿ?" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಮೊನ್ನೆಯಷ್ಟೇ ಇದೇ ಅಂಗಳದಲ್ಲಿ ಕುರಿಯೊಂದರ ಕೆಚ್ಚಲು ಕೀವುಗಟ್ಟಿತೆಂದು ಮಾವ ಅಂಬಣ್ಣ ಮುರುಮ ಊರಿನಿಂದ ದನದ ಡಾಕ್ಟರನ್ನು ಕರೆಸಿ ಕೊಯ್ಯಿಸಿದ್ದ. ಕುಕ್ಕರಗಾಲಲ್ಲಿ ಕೂತು ಗಾಯವನ್ನು ತಾನೇ ತೊಳೆದಿದ್ದ. ಆ ಕುರಿಗೆ ಯಾರೂ ಭಂಡಾರ ಮೆತ್ತಿ ಕಾಯಲಿಲ್ಲ.

"ಮಾವಾ, ಕುರಿಗಿ ಕೊಯ್ಸಿದ್ರಿ, ನನಗ್ಯಾಕ ಬ್ಯಾಡ್ರಿ? ಕುರಿಗಿರೋ ಕಿಮ್ಮತ್ತು ಸೊಸಿಗಿಲ್ಲೇನ್ರಿ?"

"ಯವ್ವಾ, ಎಂಥಾ ಬಾಯಿ ಇದು!" ಎಂದಳು ಅತ್ತೆ. ಗಂಡ ಧನರಾಜ ಮೆಲ್ಲಗೆ "ಸುಮ್ಕಿರು" ಎಂದ.

"ಸುಮ್ಕಿದ್ದು ಸಾಯ್ಲೇನ್ರಿ? ಗಾಡಿ ತೆಗೀತೀರೋ, ನಾನೇ ನಡ್ಕೋತ ಹೋಗ್ಲೋ?"

ಗಾಡಿ ತೆಗೆದ. ಉಮರಗಾದ ದವಾಖಾನೆಯಲ್ಲಿ ಡಾಕ್ಟರಬಾಯಿ ಭಂಡಾರವನ್ನೆಲ್ಲ ಒರೆಸಿ, ಮರಗಟ್ಟಲು ಸೂಜಿ ಚುಚ್ಚಿ, ಸಣ್ಣಗೆ ಕೊಯ್ದರು. ಬಟ್ಟಲು ತುಂಬ ಕೀವು! ಆಮೇಲೆ ಉಪ್ಪುನೀರನ್ನು ಗಾಯದೊಳಗೆ ಪಿಚಕಾರಿಯಂತೆ ಹೊಡೆದರು, ಹೊರಬರುವ ನೀರು ತಿಳಿಯಾಗುವ ತನಕ. ಅಯ್ಯಯ್ಯೋ ಎಂದು ಚೀರಿದೆ, ಆದರೂ ಉರಿಯುತ್ತಿದ್ದ ಎದೆ ಎಷ್ಟೋ ಹಗುರಾಯಿತು. ಗಾಯದ ಬಾಯಿ ಮುಚ್ಚದಂತೆ ಬಟ್ಟೆಯ ಬತ್ತಿ ಇಟ್ಟರು. ದಿನಾ ಬಂದು ತೊಳೆಸಿಕೊಳ್ಳಬೇಕಂತೆ.

"ಬಾಳಾಲಾ ಪಾಜತ ರಾಹಾ," ಎಂದರು ಮರಾಠಿಯಲ್ಲಿ. ಕೂಸಿಗೆ ಕುಡಿಸುತ್ತಲೇ ಇರು, ನಿಲ್ಲಿಸಿದರೇ ಕೆಡುಕು ಎಂದು. ಸದ್ಯ ಬಲಗಡೆ ಕುಡಿಸಿ, ಎಡಗಡೆಯದನ್ನು ಹಿಂಡಿ ತೆಗೆಯಬೇಕು.

ಮನೆಗೆ ಬಂದರೆ ಅತ್ತೆ ಆಡಿನ ಹಾಲಿನ ಬಾಟಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಕೊಯ್ದ ಮೈಯಾಗಿನ ಹಾಲು ನಂಜು. ಕೂಸು ಇತ್ತ ತಾ."

"ಕೊಡಂಗಿಲ್ರಿ."

ಅವಳು ಕೈ ಚಾಚಿದಳು. ನಾನು ಹೊಸ್ತಿಲ ಮೇಲೇ ಕೂತೆ. ಯಾರು ನೋಡುತ್ತಾರೆ, ಏನೆನ್ನುತ್ತಾರೆ, ಯಾವುದೂ ಬೇಡವಾಗಿತ್ತು. ಸೆರಗು ಸರಿಸಿ ಬಲ ಎದೆಗೆ ಮಗಳನ್ನು ಹಚ್ಚಿದೆ. ಅವಳು ಒಂದು ಕ್ಷಣ ತಡಕಾಡಿ ಗಟ್ಟಿಯಾಗಿ ಕಚ್ಚಿದಳು. ಗುಟುಕು ಗುಟುಕಾಗಿ ನುಂಗುವ ಸದ್ದು ಅಂಗಳಕ್ಕೆಲ್ಲ ಕೇಳಿಸಿತು. ನನಗೆ ಅಳು ಬಂತು, ತಡೆಯಲಿಲ್ಲ.

"ಬತ್ತತದ ಅಂದ್ರಲ್ಲ ಅತ್ತಿ, ಬರ್ರಿ, ಕಣ್ ತೆರೆದು ನೋಡ್ರಿ."

ಅತ್ತೆ ಬಗ್ಗಿ ನೋಡಿದಳು. ಮಗಳ ತುಟಿಯಂಚಿನಿಂದ ಹಾಲು ಇಳಿಯುತ್ತಿತ್ತು.

"ನಾಳಿ ತೊಳಸ್ಲಿಕ್ಕ ಮತ್ತ ಹೋಗ್ತೀನಿ," ಎಂದೆ. "ಯಾರ್ ತಡೀತಾರ ತಡೀಲಿ."