ಹಾಳೆಯ ಹಿಂಬದಿ

ನಾನು ಒಂದು ಸ್ಕ್ಯಾನರ್. ಹಾಳೆಯ ಎರಡೂ ಬದಿ ಒಮ್ಮೆಗೇ ಕಾಣಲೆಂದು ಕಾರ್ಖಾನೆಯಲ್ಲಿ ನನಗೆ ಎರಡು ಕಣ್ಣಿಟ್ಟರು. ಆ ಹೆಮ್ಮೆಯಲ್ಲೇ ವಿಶ್ವವಿದ್ಯಾಲಯಕ್ಕೆ ಬಂದೆ.

ಅಲ್ಲಿ ವಿಭಾಗಕ್ಕೊಂದು ಊರು, ಊರಿಗೊಂದು ದರ್ಬಾರು. ಹಳೆಯ ಕಾಗದವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕೆಂದು ಕುಲಸಚಿವರ ಆದೇಶ ಹೊರಟಿತು. ನನ್ನನ್ನು ವ್ಯಾನಿನಲ್ಲಿ ವಿಭಾಗದಿಂದ ವಿಭಾಗಕ್ಕೆ ತಿರುಗಿಸಿದರು. ವಾಣಿಜ್ಯ ವಿಭಾಗದವರು ಹಾಳೆಯ ಹಿಂದೆ ಏನೂ ಬರೆಯುವವರಲ್ಲ. ಖಾಲಿ ಬದಿ ಏರಿಸುವುದು ದಂಡವೆಂದು ಹಿಂಬದಿ ನೋಡುವ ನನ್ನ ಕಣ್ಣು ಮುಚ್ಚಿಸಿದರು. ಕಾನೂನಿನವರೂ ಹಾಗೇ ಬಿಟ್ಟರು.

ಕೊನೆಗೆ ಜಾನಪದ ವಿಭಾಗ. ಮುಖ್ಯಸ್ಥೆ ಶಕುಂತಲಾ ಹೆಬ್ಬಳ್ಳಿ ಮೇಡಂ ಹರೆಯದಲ್ಲಿ ಹಳ್ಳಿ ಹಳ್ಳಿ ಅಲೆದು ಬರೆದುಕೊಂಡ ಹಾಡುಗಳು ಅಲ್ಲಿ ಗಂಟುಗಂಟಾಗಿದ್ದವು. ಅವರದೊಂದು ರೂಢಿ: ಹಾಳೆಯ ಮುಂದೆ ಹಾಡಿದವರ ಹೆಸರು, ಊರು, ಹಿಂದೆ ಹಾಡು. ಗೆದ್ದಲು ಹಿಡಿದಿದ್ದ ಆ ಹಾಡುಗಳನ್ನು ಉಳಿಸಲೆಂದೇ ನಾನು ಬಂದೆನೆಂದು ಮೇಡಂ ನನಗೆ ಕುಂಕುಮ ಹಚ್ಚಿದರು. ಆ ನಂಬಿಕೆ ನೆನೆದರೆ ಈಗಲೂ ಸಂಕಟವಾಗುತ್ತದೆ.

ಗುಮಾಸ್ತ ಬಸಲಿಂಗ ಒಂದೊಂದೇ ಹಾಳೆ ಉಣಿಸಿದ. ನನ್ನ ಮುಚ್ಚಿದ ಕಣ್ಣನ್ನು ಅವನು ತೆರೆಯಲಿಲ್ಲ, ಮೇಡಂ ವಿಚಾರಿಸಲಿಲ್ಲ. ಪರದೆಯ ಮೇಲೆ ಹೆಸರುಗಳು ಸಾಲಾಗಿ ಮೂಡಿದ್ದು ಕಂಡು ಇಬ್ಬರೂ ಹಿಗ್ಗಿದರು. ಹಾಡು ಏರುತ್ತಿಲ್ಲವೆಂದು ಕೂಗಿ ಹೇಳೋಣವೆಂದರೆ ನನಗೆ ಬಾಯಿಲ್ಲ. ಏರಿಸಿದ ಕಾಗದ ಇಟ್ಟುಕೊಳ್ಳಕೂಡದೆಂದು ಆದೇಶವಿತ್ತು. ಮೇಡಂ ಸಹಿ ಹಾಕಿದರು, ಗಂಟುಗಳನ್ನು ಹಿತ್ತಲಲ್ಲಿ ಸುಟ್ಟರು.

ಕೆಲವು ತಿಂಗಳ ಮೇಲೆ ನೀಲವ್ವ ಎಂಬ ಹೆಂಗಸು ಬಂದಳು.

"ನಮ್ಮವ್ವ ತೀರಿಕೊಂಡ್ಳರಿ. ಆಕಿ ತೊಟ್ಟಿಲ ಪದ ನೀವು ಬರಕೊಂಡಿದ್ರಂತ. ಮೊಮ್ಮಗಳನ್ನ ತೊಟ್ಟಿಲಕ್ಕ ಹಾಕೂದೈತಿ, ನನಗ ಪೂರಾ ಬರೂದಿಲ್ಲ."

"ಕುಂದ್ರವ್ವಾ, ಈಗ ತಗದು ಕೊಡ್ತೀನಿ," ಅಂದರು ಮೇಡಂ.

ಅವ್ವನ ಹೆಸರು ಬಂತು, ಊರು ಬಂತು. ಮುಂದಿನ ಪುಟದಲ್ಲಿ ಬೇರೊಬ್ಬರ ಹೆಸರು, ಅದರ ಮುಂದೆ ಮತ್ತೊಬ್ಬರದು. ಮೇಡಂ ಕೊನೆಯ ಪುಟದವರೆಗೂ ಹುಡುಕಿ ಮತ್ತೆ ಅವ್ವನ ಪುಟಕ್ಕೇ ಬಂದರು.

"ಹಾಡು ಹ್ವಾತವ್ವಾ. ಸುಡಾಕ ನಾನ ಸಹಿ ಹಾಕೀನಿ."

ನೀಲವ್ವ ಪರದೆಯ ಮೇಲೆ ಬೆರಳಿಟ್ಟಳು. "ಇದು ಅವ್ವನ ಹೆಸರೇನ್ರಿ? ಹಂಗಾರ ಅದನ್ನರ ಕೊಡ್ರಿ," ಅಂದಳು. ಅಷ್ಟನ್ನೇ ಮುದ್ರಿಸಿಕೊಂಡು ಹೋದಳು.

ಯಂತ್ರದ ದೋಷವೆಂದು ಮೇಲಿನವರು ಬರೆದು ಮುಗಿಸಿದರು. ನಾನೀಗ ಉಗ್ರಾಣದ ಮೂಲೆಯಲ್ಲಿದ್ದೇನೆ. ನಿವೃತ್ತಿಯ ದಿನ ಮೇಡಂ ಇಲ್ಲಿಗೆ ಬಂದು, ಸೆರಗಿನಿಂದ ನನ್ನ ಧೂಳು ಒರೆಸಿ, "ತಪ್ಪು ನಿಂದಲ್ಲಪಾ" ಅಂದರು. ನನಗೆ ಸಮಾಧಾನವಾಗಲಿಲ್ಲ. ಆ ಹಾಡುಗಳನ್ನು ಕೊನೆಯ ಸಲ ಮೈಗೆ ತಾಗಿಸಿಕೊಂಡದ್ದು ನಾನೇ, ಒಂದನ್ನೂ ನೋಡದೆ.