ಮನೆ ನಮ್ಮದು, ನೆಲ ಅವರದು

ಅಮೆರಿಕದ ಆ ರಾಜ್ಯದ ಶಾಸನಸಭೆಯ ಸೆನೆಟ್‌ನಲ್ಲಿ ಯಾರೇ ಆದರೂ ಹನ್ನೆರಡು ವರ್ಷಕ್ಕಿಂತ ಹೆಚ್ಚು ಕೂರುವಂತಿಲ್ಲ. ಮೆಹ್ರೀನಳ ಅವಧಿ ಮುಗಿದಿತ್ತು. ಮರುವಾರದ ಸೋಮವಾರ ಬೆಳಿಗ್ಗೆ ಅವಳು ಅಭ್ಯಾಸಬಲದಿಂದ ಕೋಟು ಹಾಕಿಕೊಂಡು ಅಲ್ಲಿನ ಡಬ್ಲಿನ್ ಊರಿನ ಮನೆಯ ಮೆಟ್ಟಿಲಿಳಿದು ಬಂದಳು. ಚಹಾ ಸೋಸುತ್ತಿದ್ದ ಗಂಡ ಹಸನ್ ತಲೆಯೆತ್ತಿ ನೋಡಿದ.

"ಸ್ಯಾಕ್ರಮೆಂಟೊದಲ್ಲಿ ನಿನ್ನ ಕುರ್ಚೀಲಿ ಈಗ ಬೇರೆ ಯಾರೋ ಕೂತಿದ್ದಾರೆ."

"ಗೊತ್ತು. ವಾಲ್ನಟ್ ಕ್ರೀಕಿಗೆ ಹೋಗ್ತಿದ್ದೀನಿ. ಜಯರಾಮ್ ಸಾರ್‌ನ ನೋಡಿ ಬಹಳ ದಿನ ಆಯ್ತು."

ಬಹಳ ದಿನವಲ್ಲ, ಆರು ವರ್ಷ. ಹಸನ್‌ಗೂ ಅದು ಗೊತ್ತಿತ್ತು. ಚಹಾ ಅವಳ ಕೈಗಿತ್ತ.

ಮೊದಲ ಮಳೆಗೆ ಫ್ರೀವೇಯ ಎರಡೂ ಬದಿಯ ಗುಡ್ಡಗಳು ಹಸಿರಾಗತೊಡಗಿದ್ದವು. ಅದೇ ದಾರಿಯಲ್ಲಿ ಮೊದಲ ಸಲ ಕೆಲಸಕ್ಕೆ ಹೋದ ದಿನ ಅವಳಿಗೆ ನೆನಪಾಯಿತು. ಅವಳು ಮೈಸೂರಿನ ಕೋರ್ಟಿನ ಎದುರು ವಕೀಲರ ಕರಿಕೋಟು ಹೊಲಿಯುತ್ತಿದ್ದ ದರ್ಜಿ ಗಫೂರರ ಮಗಳು. ಅಪ್ಪ ತಾವೇ ಹೊಲಿದ ಕೋಟು ತೊಡಿಸಿ ಮಗಳನ್ನು ರಸ್ತೆ ದಾಟಿಸಿ ಕೋರ್ಟಿಗೆ ಕಳಿಸಿದ್ದರು. ಎರಡು ವರ್ಷ ಅಲ್ಲಿ ವಾದಿಸಿದಳು. ಆಮೇಲೆ ಮದುವೆ, ಅಮೆರಿಕ, ಮಗಳು ಯುಸ್ರಾ. ಮಗುವನ್ನು ಡೇಕೇರಿಗೆ ಬಿಟ್ಟು ಇಲ್ಲಿನ ಕಾನೂನನ್ನು ಮೊದಲಿನಿಂದ ಓದಿದಳು. ವಕೀಲಿಕೆಯ ಬಾರ್ ಪರೀಕ್ಷೆಯಲ್ಲಿ ಒಮ್ಮೆ ಬಿದ್ದು, ಇನ್ನೊಮ್ಮೆ ಎದ್ದಳು. ಪಾಸಾದರೂ ಅವಳನ್ನು ಕೆಲಸಕ್ಕೆ ಕರೆದವರು ಒಬ್ಬರೇ: ಹಾಸನದ ಕಡೆಯ ವಕೀಲ ಜಯರಾಮ್.

ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ ಅವರ ಆಫೀಸು. ಚರ್ಮ, ಅಂಟಿನ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬರುತ್ತಿತ್ತು. ರೈಲು ಹೋದಾಗಲೆಲ್ಲ ಕಿಟಕಿ ಗಡಗಡ ಎನ್ನುತ್ತಿತ್ತು. ಜಯರಾಮರ ಡಬ್ಬಿಯ ಅವರೆಕಾಳು ಉಪ್ಪಿಟ್ಟನ್ನು ಇಬ್ಬರೂ ಹಂಚಿಕೊಳ್ಳುತ್ತಿದ್ದರು. ರಂಜಾನ್ ಬಂದರೆ ಅವರು ಒಳಕೋಣೆಯ ಬಾಗಿಲು ಹಾಕಿಕೊಂಡು ಕಳ್ಳನಂತೆ ತಿಂದು ಬರುತ್ತಿದ್ದರು. "ಸಾರ್, ನನ್ನ ಮುಂದೇನೇ ತಿನ್ನಿ, ಪರವಾಗಿಲ್ಲ" ಎಂದರೂ ಕೇಳುತ್ತಿರಲಿಲ್ಲ.

ಗೌರಮ್ಮ ಮತ್ತು ಸಿದ್ದರಾಜು ಆ ಆಫೀಸಿಗೆ ಬಂದದ್ದು ಒಂದು ಸುಡು ಬಿಸಿಲಿನ ಮಧ್ಯಾಹ್ನ. ಇಬ್ಬರೂ ಮಂಡ್ಯದವರು. ಸಿದ್ದರಾಜು ಗ್ರೋಸರಿ ಅಂಗಡಿಯೊಂದರ ವ್ಯಾನು ಓಡಿಸುತ್ತಿದ್ದ. ದಂಪತಿ ಪ್ಲೆಸೆಂಟನ್ನಿನ ಅಂಚಿನ ಪಾರ್ಕೊಂದರಲ್ಲಿ ಮೊಬೈಲ್ ಹೋಮ್, ಅಂದರೆ ಬಾಡಿಗೆ ನೆಲದ ಮೇಲೆ ತಂದು ನಿಲ್ಲಿಸಿದ ಸಿದ್ಧಮನೆ, ಕೊಂಡಿದ್ದರು.

"ಮನೆ ನಮ್ದು ಕಣವ್ವ, ನೆಲ ಅವ್ರುದು" ಎಂದು ಗೌರಮ್ಮ ವಿವರಿಸಿದಳು. "ಈಗ ನೆಲ ಬುಟ್ಟು ಎದ್ದೋಗಿ ಅಂತಾವ್ರೆ. ಮನೆ ಹೊತ್ಕೊಂಡು ಎಲ್ಲಿಗ್ ಹೋಗುವ?"

ಮೆಹ್ರೀನ್ ಆ ಪಾರ್ಕಿನ ಮನೆಮನೆಗೂ ಹೋಗಿ ಕೂತಳು. ಮೆಕ್ಸಿಕೊದವರು, ಫಿಲಿಪೀನ್ಸಿನವರು, ನಿವೃತ್ತ ಬಿಳಿಯರು, ಎಲ್ಲರ ಕಥೆಯನ್ನೂ ಕೇಳಿದಳು. ಕೋರ್ಟಿನಲ್ಲಿ ಎರಡು ವರ್ಷ ಜಗ್ಗಾಡಿದ ಮೇಲೆ ಮಾಲೀಕ ಸೋತ. ಆ ಸಂಜೆ ಪಾರ್ಕಿನ ಹಾದಿಯಲ್ಲೇ ಮೇಜುಗಳನ್ನು ಜೋಡಿಸಿ ಎಲ್ಲರೂ ಊಟ ಮಾಡಿದರು. ಗೌರಮ್ಮ ದೊಡ್ಡ ಪಾತ್ರೆಯ ತುಂಬ ಮುದ್ದೆ ತೊಳಸಿ, ನುಂಗುವುದನ್ನು ಎಲ್ಲರಿಗೂ ಕಲಿಸಿದಳು.

"ನೀನು ಎಲೆಕ್ಷನ್‌ಗೆ ನಿಲ್ಲು" ಎಂದು ಮೊದಲು ಹೇಳಿದ್ದು ಜಯರಾಮರೇ. "ಒಂದೊಂದೇ ಮನೆ ಉಳಿಸ್ತಾ ಕೂತ್ರೆ ಎಷ್ಟು ಉಳಿಸ್ತೀಯಮ್ಮ? ಕಾನೂನನ್ನೇ ಬದಲಾಯಿಸು."

ಮೊದಲು ಊರಿನ ಕೌನ್ಸಿಲ್ಲು, ಆಮೇಲೆ ಸೆನೆಟ್. ಮತದಾನದ ದಿನ ಸಿದ್ದರಾಜು ಅಂಗಡಿಯ ವ್ಯಾನಿನಲ್ಲೇ ಪಾರ್ಕಿನ ಮುದುಕರನ್ನೆಲ್ಲ ಬೂತಿಗೆ ಕರೆದೊಯ್ದ. ಗೆದ್ದ ಸುದ್ದಿ ಕೇಳಿ ಮೈಸೂರಿನಿಂದ ಅಪ್ಪ ಫೋನಿನಲ್ಲಿ ಮಾತಾಡಲಾಗದೆ ಬರೀ ಬಿಕ್ಕಿದ್ದರು.

ಪಾರ್ಕುಗಳಲ್ಲಿ ನೆಲಬಾಡಿಗೆಯನ್ನು ಮನಬಂದಂತೆ ಏರಿಸದ ಹಾಗೆ ಅವಳು ಮಸೂದೆ ತಂದಳು. ಅದು ಎರಡು ಸಲ ಬಿತ್ತು. ಮೂರನೇ ಸಲ, ಮತಕ್ಕೆ ಹಾಕುವ ಹಿಂದಿನ ದಿನ, ವಿರೋಧಿಗಳು ಒಂದು ಷರತ್ತು ಇಟ್ಟರು: ಸಣ್ಣ ಪಾರ್ಕುಗಳನ್ನು ಕೈಬಿಟ್ಟರೆ ಬೆಂಬಲ. ಗೌರಮ್ಮನ ಪಾರ್ಕು ಸಣ್ಣದು. ಅದು ಗೊತ್ತಿದ್ದೇ ಮೆಹ್ರೀನ್ ಒಪ್ಪಿದಳು. ಮಸೂದೆ ಗೆದ್ದಿತು. ಸಾವಿರಾರು ಕುಟುಂಬಗಳು ನೆಮ್ಮದಿಯ ಉಸಿರು ಬಿಟ್ಟವು.

ಜಯರಾಮ್ ಫೋನ್ ಮಾಡಿ ಒಂದೇ ಮಾತು ಕೇಳಿದ್ದರು: "ಗೌರಮ್ಮನಿಗೆ ನೀನೇ ಹೇಳ್ತೀಯೋ, ನಾನು ಹೇಳಲೋ?" "ಆಮೇಲೆ ಮಾತಾಡ್ತೀನಿ ಸಾರ್" ಎಂದು ಅವಳು ಫೋನಿಟ್ಟಳು. ಅವರು ಮತ್ತೆ ಫೋನ್ ಮಾಡಲಿಲ್ಲ.

ಚಪ್ಪಲಿ ಅಂಗಡಿ ಇದ್ದಲ್ಲಿ ಈಗ ಐಸ್‌ಕ್ರೀಮ್ ಮಾರುತ್ತಿದ್ದರು. ಮೇಲೆ ಜಯರಾಮ್ ಒಬ್ಬರೇ ಕೂತಿದ್ದರು. ಬೆನ್ನು ಬಾಗಿತ್ತು, ಕಿವಿಗೆ ಯಂತ್ರ ಬಂದಿತ್ತು. ಅವಳನ್ನು ನೋಡಿ ಎದ್ದು ನಿಂತರು.

"ಸೆನೆಟರ್ ಬಂದ್ರು!"

"ಬೇಡಿ ಸಾರ್. ಮಾಜಿ."

ಎದುರಿನ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ಅವರು ಸರಿಸಿದರು. ಕೂತಳು. ರೈಲು ಹೋಯಿತು. ಹಿಂದಿನಂತೆಯೇ ಕಿಟಕಿ ಗಡಗಡ ಎಂದಿತು.

"ಗೌರಮ್ಮ ಎಲ್ಲಿದ್ದಾರೆ ಸಾರ್?"

"ಲಿವರ್ಮೋರಲ್ಲಿ. ವಯಸ್ಸಾದವರ ಅಪಾರ್ಟ್‌ಮೆಂಟು. ಬಾಡಿಗೆ ಏರಿಸಿ ಏರಿಸಿ ಪಾರ್ಕಿಂದ ಎಲ್ಲರನ್ನೂ ಎಬ್ಬಿಸಿದರು. ಸಿದ್ದರಾಜು ಹೋದ ವರ್ಷ ತೀರಿಕೊಂಡ." ಕನ್ನಡಕ ತೆಗೆದು ಒರೆಸಿದರು. "ಆ ಷರತ್ತು ಒಪ್ಪಬಾರದಿತ್ತು ಅಂತ ನಾನು ಹೇಳಲ್ಲಮ್ಮ. ನಾನಿದ್ದಿದ್ರೂ ಒಪ್ತಿದ್ದೆ. ನೀನು ಹೋಗಿ ಹೇಳಬೇಕಿತ್ತು, ಅಷ್ಟೇ ನನ್ನ ಕೋಪ."

"ಇವತ್ತು ಹೋಗೋಣ. ನೀವೂ ಬನ್ನಿ."

ಲಿವರ್ಮೋರಿನಲ್ಲಿ ಬಾಗಿಲು ತೆರೆದ ಗೌರಮ್ಮನಿಗೆ ಗುರುತು ಹತ್ತಲು ತಡವಾಗಲಿಲ್ಲ. ಕೈಹಿಡಿದು ಒಳಗೆ ಕರೆದು, ಮಂಚದ ಮೇಲೆ ಕೂರಿಸಿ, ಕಾಫಿಗಿಟ್ಟಳು. ಮೆಹ್ರೀನ್ ನಡೆದದ್ದನ್ನೆಲ್ಲ ಹೇಳಿದಳು, ಏನನ್ನೂ ಬಿಡದೆ. ಮುದುಕಿ ಸೌಟಿನಿಂದ ಹಾಲು ಕದಡುತ್ತಲೇ ಕೇಳಿಸಿಕೊಂಡಳು.

"ನಂಗೆ ಆಗ್ಲೇ ಗೊತ್ತಾಗಿತ್ತು ಕಣವ್ವ. ಪಾರ್ಕಲ್ಲಿ ಓದ್ಕೊಂಡೋರು ಇರ್ಲಿಲ್ವಾ? ಮಿಕ್ಕ ಜನಕ್ಕೆ ಒಳ್ಳೇದಾಯ್ತು, ಆಗ್ಲಿ." ಸೌಟು ಇಟ್ಟು ಬಂದು ಮಂಚದ ಮೇಲೆ ಕೂತಳು. "ಆದ್ರೆ ನಮ್ಮೆಜಮಾನ್ರು ದಿನಾ ಕೇಳೋರು, ಲಾಯರಮ್ಮ ಯಾಕೆ ಬರ್ಲಿಲ್ಲ ಅಂತ. ಲಾಯರ್ ಆಗಿದ್ದಾಗ ಮನೆಗೆ ಬಂದು ಕೂತ್ಕೋತಿದ್ದೆ. ಸೆನೆಟರ್ ಆದ್ಮೇಲೆ ನಿನ್ನ ಟಿವೀಲಿ ನೋಡ್ದೋ."

ಸದನದಲ್ಲಿ ಎಷ್ಟೋ ಜನ ಮೆಹ್ರೀನಳನ್ನು ಬೈದಿದ್ದರು. ಎಲ್ಲಕ್ಕೂ ಉತ್ತರ ಕೊಟ್ಟಿದ್ದಳು. ಈಗ ಗೌರಮ್ಮನ ಒರಟು ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡು ಕೂತಳು. ಮುದುಕಿ ಕೈ ಬಿಡಿಸಿಕೊಳ್ಳಲಿಲ್ಲ. ಉಕ್ಕಿದ ಹಾಲನ್ನು ಜಯರಾಮರೇ ಎದ್ದು ಇಳಿಸಿದರು.

ಹೊರಡುವ ಹೊತ್ತಿಗೆ ಪಕ್ಕದ ಮನೆಯ ಶರಣವ್ವ ಬಾಗಿಲಲ್ಲಿ ನಿಂತಿದ್ದಳು. ವಿಜಯಪುರದ ಕಡೆಯ ಹೆಂಗಸು.

"ಇಲ್ಲಿ ವಕೀಲ್ರು ಬಂದಾರಂತ ಕೇಳಿದ್ನಿ. ಒಂದೀಟು ಕೇಳೂದಿತ್ರಿ. ನಮ್ಮ ಮನ್ಯಾಗ ಹೀಟರ್ ಕೆಟ್ಟು ತಿಂಗಳಾತು, ಯಾರೂ ಹೊಳ್ಳಿ ನೋಡವಲ್ರು."

ಜಯರಾಮ್ ಬಾಯಿ ತೆರೆಯುವಷ್ಟರಲ್ಲಿ ಮೆಹ್ರೀನ್ ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ್ದಳು.

"ಒಳಗೆ ಬನ್ನಿ, ಕೂತ್ಕೊಳ್ಳಿ," ಎಂದಳು. "ಮೊದಲಿಂದ ಹೇಳಿ."