ಬೆರಳು ಮತ್ತೆ ಅಲ್ಲಿಗೇ ಸರಿಯಿತು

ಮಗಳನ್ನು ಕೇಳಿದ ಪ್ರಶ್ನೆಗೆ ನೀವೇ ಉತ್ತರ ಕೊಟ್ಟು, ಅದನ್ನು ಪ್ರೀತಿಯೆಂದು ಕರೆಯಲು ನಿಮಗೆ ನಾಚಿಕೆಯಾಗುವುದಿಲ್ಲವೆ?

ಈ ತಾಯಿಗೂ ಆಗಲಿಲ್ಲ. ಹದಿಹರೆಯದವರ ಮನೋವ್ಯಾಧಿಗಳ ಸಮೀಕ್ಷೆಗೆಂದು ಬಂದ ಹೆಂಗಸು, ಮಗಳೊಬ್ಬಳನ್ನೇ ಕೂರಿಸಿ ಕೇಳುವುದು ನಿಯಮವೆಂದು ತಿಳಿಸಿದಾಗ, ಆಕೆ ಬಟಾಣಿಯ ಬುಟ್ಟಿಯನ್ನು ಮಡಿಲಿಗೆಳೆದುಕೊಂಡು ಇನ್ನಷ್ಟು ಭದ್ರವಾಗಿ ಕುಳಿತಳು.

"ಹೆತ್ತವಳ ಮುಂದೆ ಎಂಥಾ ಗುಟ್ಟು ಕಣ್ರೀ? ಕೇಳಿ, ಕೇಳಿ."

ಇನ್ನೂ ಹಲವು ಮನೆಗಳು ಬಾಕಿಯಿದ್ದವು. ಸಮೀಕ್ಷಕಿ ಮಣಿದಳು. ಮಣಿಯಬಾರದಿತ್ತು.

"ರಾತ್ರಿ ನಿದ್ದೆ ಬರುತ್ತಾ, ಪುಟ್ಟಿ?"

"ಬರುತ್ತಾ ಅಂತೀರಾ! ಕುಂಭಕರ್ಣನ ತಂಗಿ ಇವಳು."

"ಗೆಳತಿಯರ ಜೊತೆ ಮಾತುಕತೆ?"

"ಮೊದಲು ಬಾಯಿಬಡುಕಿ. ಈಗ ಬುದ್ಧಿ ಬಂದಿದೆ, ತೆಪ್ಪಗೆ ಓದ್ಕೊಂಡಿರ್ತಾಳೆ."

ಮಗಳು ಅಂಗಿಯ ತೋಳನ್ನು ಬೆರಳುಗಳು ಮುಚ್ಚುವಷ್ಟು ಎಳೆದುಕೊಂಡಳು. ಸಮೀಕ್ಷಕಿ ಅದನ್ನು ಕಂಡಳು. ಮುಂದಿನ ಪ್ರಶ್ನೆಯನ್ನು ಗಟ್ಟಿಯಾಗಿ ಓದದೆ, ಅದು ಅಚ್ಚಾಗಿದ್ದ ರಟ್ಟಿನ ಕಾರ್ಡನ್ನೇ ಹುಡುಗಿಯ ಮುಂದಿಟ್ಟಳು. ಬದುಕಿರುವುದೇ ಬೇಡವೆನಿಸುತ್ತದೆಯೆ? ಕೆಳಗೆ ಮೂರು ಉತ್ತರಗಳು: ಇಲ್ಲ, ಆಗಾಗ, ದಿನವೂ.

"ಬಾಯಿಬಿಟ್ಟು ಹೇಳ್ಬೇಡ. ಬೆರಳಿಟ್ಟು ತೋರಿಸು, ಸಾಕು."

ತೋಳಿನೊಳಗಿಂದ ಬೆರಳೊಂದು ಹೊರಬಂದು 'ದಿನವೂ' ಎಂಬಲ್ಲಿ ನಿಂತಿತು.

ತಾಯಿ ಇಣುಕಿದಳು. ಸಿಪ್ಪೆ ಬಿಡಿಸುತ್ತಿದ್ದ ಕೈ ನಿಂತಿತು.

"ಅಯ್ಯೋ, ಸರಿಯಾಗಿ ಓದ್ದೇ ತೋರಿಸ್ಬಿಟ್ಳು! ಪರೀಕ್ಷೇಲೂ ಹೀಗೇ, ಬರೀ ಅವಸರ." ನಗುತ್ತಲೇ ಮಗಳ ಬೆರಳನ್ನು ಹಿಡಿದು 'ಇಲ್ಲ' ಎಂಬುದರ ಮೇಲೆ ಒತ್ತಿದಳು. "ಬರ್ಕೊಳ್ಳಿ."

ಸಮೀಕ್ಷಕಿ ಬರೆಯಲಿಲ್ಲ.

"ಬರ್ಕೊಳ್ರೀ ಅಂದ್ರೆ!"

"ಅವಳ ಕೈ ಬಿಡಿ, ಅಮ್ಮಾ."

ತಾಯಿ ಬಿಟ್ಟಳು. ಬೆರಳು ಮತ್ತೆ ಅಲ್ಲಿಗೇ ಸರಿಯಿತು.

"ನಿಂಗೇನೇ ಕಡಿಮೆ ಮಾಡಿದೀವಿ?" ಆ ಕೂಗಿನಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು.

"ಅದನ್ನೂ ಅವಳೇ ಹೇಳ್ಲಿ," ಎಂದಳು ಸಮೀಕ್ಷಕಿ. "ನೀವು ಸ್ವಲ್ಪ ಹೊರಗಿರಿ. ಇವತ್ತೇ ಇವಳನ್ನ ಡಾಕ್ಟರಿಗೆ ತೋರಿಸ್ಬೇಕು. ಅಲ್ಲೀವರೆಗೆ ನಾನು ಇಲ್ಲಿಂದ ಏಳಲ್ಲ."

"ನನ್ನ ಮನೇಲಿ ನನ್ನನ್ನೇ ಹೊರಗೆ ಹಾಕ್ತೀರಾ?"

"ಅಮ್ಮಾ," ಎಂದಳು ಮಗಳು. "ಹೋಗಮ್ಮಾ. ಇಲ್ಲೇ ಬಾಗಿಲ ಹತ್ರ ಇರು."

ತಾಯಿ ಎದ್ದಳು. ಮಡಿಲಿನ ಬಟಾಣಿ ನೆಲದ ತುಂಬ ಉರುಳಿತು, ಆಕೆ ಹೆಕ್ಕಲಿಲ್ಲ. ಬಾಗಿಲ ಹೊರಗೆ ಗೋಡೆಗೊರಗಿ ನಿಂತಾಗ, ಒಳಗಿನಿಂದ ಮಗಳ ದನಿ ಕೇಳಿಬಂತು. ಮೊದಲು ತಡವರಿಸುತ್ತ, ಆಮೇಲೆ ಕಟ್ಟೆಯೊಡೆದ ನೀರಿನಂತೆ. ಒಳನುಗ್ಗಿ ಉತ್ತರಿಸಬೇಕೆನಿಸಿದಾಗಲೆಲ್ಲ ಆಕೆ ಅಂಗೈಯಿಂದ ತನ್ನ ಬಾಯನ್ನು ಒತ್ತಿಹಿಡಿದಳು.

ನಿಮ್ಮ ಮಗುವನ್ನು ಯಾರಾದರೂ ಹೀಗೆ ಕೇಳುವ ದಿನ, ದಯವಿಟ್ಟು ನೀವೂ ಎದ್ದು ಹೊರಗೆ ಹೋಗಿ, ಬಾಗಿಲೆಳೆದುಕೊಳ್ಳಿ. ಆದರೆ ದೂರ ಹೋಗಬೇಡಿ.